ಸಣ್ಣ ವಿಮಾನಗಳ ಪೋರ್ಟಬಲ್ ಜಿಪಿಎಸ್

ಒಂದೆರಡು ಎಂಜಿನ್‌ಗಳ ಸಣ್ಣ ವಿಮಾನ, ಮೈಕ್ರೋಲೈಟ್ ಇಲ್ಲವೇ ಗ್ಲೈಡರ್ ಹಾರಿಸುವ ಪೈಲಟ್‌ಗಳು ಕೈಯಲ್ಲಿ ಹಿಡಿದೋ, ತೊಡೆಗೆ ಪಟ್ಟಿ ಕಟ್ಟಿಕೊಂಡೋ, ಚಾಲನಾ ಹಿಡಿಕೆಗೆ ಸಿಕ್ಕಿಸಿಯೋ ಬಳಸುವ ಉಪಗ್ರಹ ಆಧಾರಿತ ದಾರಿಸೂಚಕಕ್ಕೆ ಪೋರ್ಟಬಲ್ ಜಿಪಿಎಸ್ ಎಂದು ಹೆಸರು. ವಿಮಾನದ ಉಪಕರಣ ಫಲಕಕ್ಕೆ ಅದನ್ನು ಕಾಯಂ ಆಗಿ ಜೋಡಿಸಿರುವುದಿಲ್ಲ. ಹಾರಾಟ ಮುಗಿದ ಮೇಲೆ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯಬಹುದು. ಈ ಸಾಧನದ ಬಗೆಗಿನ ಚರ್ಚೆಯೆಲ್ಲ ಸಾಮಾನ್ಯವಾಗಿ ನಿಖರತೆಯ ಸುತ್ತ ನಡೆಯುತ್ತದೆ: ಎಷ್ಟು ಮೀಟರಿನ ಮಟ್ಟಿಗೆ ಸರಿ, ಎಷ್ಟು ಉಪಗ್ರಹಗಳನ್ನು ಹಿಡಿಯುತ್ತದೆ, ಪರದೆ ಎಷ್ಟು ಸ್ಪಷ್ಟ. ಸಣ್ಣ ವಿಮಾನಕ್ಕೆ ಸಾಲುವಷ್ಟು ನಿಖರತೆ ದೊರೆತು ಕಾಲು ಶತಮಾನವೇ ಕಳೆದಿದೆ. ಕೈಸಾಧನಕ್ಕೂ ಫಲಕದ ಸಾಧನಕ್ಕೂ ನಡುವೆ ಇಂದಿಗೂ ಉಳಿದಿರುವ ಅಂತರ ಖಾತರಿಯದು. ತೋರಿಸುತ್ತಿರುವ ನೆಲೆ ತಪ್ಪಾದಾಗ ಅದನ್ನು ಪೈಲಟ್‌ಗೆ ತಿಳಿಸುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಸಾಧನದ ಇತಿಹಾಸ, ಅದರ ಉಪಕಾರ, ಅದರ ಅಪಾಯ ಮೂರೂ ಒಂದೇ ಎಳೆಯಲ್ಲಿ ಸಿಗುತ್ತವೆ.

ಜಿಪಿಎಸ್ ಬರುವ ಮುಂಚೆ ಸಣ್ಣ ವಿಮಾನದ ಪೈಲಟ್ ದಾರಿ ಹಿಡಿಯುತ್ತಿದ್ದುದು ಕಾಗದದ ನಕ್ಷೆ, ದಿಕ್ಸೂಚಿ ಮತ್ತು ಗಡಿಯಾರದ ನೆರವಿನಿಂದ. ಗಾಳಿಯ ಲೆಕ್ಕ ಹಾಕಿ, ಇಷ್ಟು ನಿಮಿಷಕ್ಕೆ ಆ ರೈಲುಹಳಿ, ಇಷ್ಟು ನಿಮಿಷಕ್ಕೆ ಈ ನದಿಯ ತಿರುವು ಕಾಣಬೇಕೆಂದು ಗುರುತು ಮಾಡಿಕೊಂಡು ಹಾರಬೇಕಿತ್ತು. ವಿಒಆರ್, ಎನ್‌ಡಿಬಿ ಎಂಬ ರೇಡಿಯೊ ನೆಲೆಗಳ ಸಹಾಯವೂ ಇತ್ತು. ಆದರೆ ವಿಒಆರ್ ಸಂಕೇತ ನೇರ ದೃಷ್ಟಿರೇಖೆಯಲ್ಲಿ ಮಾತ್ರ ತಲುಪುವಂಥದ್ದು. ಎರಡು ಮೂರು ಸಾವಿರ ಅಡಿ ಎತ್ತರದಲ್ಲಿ, ಗುಡ್ಡದ ಮರೆಯಲ್ಲಿ ಹಾರುವವರಿಗೆ ಅದು ಕೈಕೊಡುತ್ತಿತ್ತು. ಕರಾವಳಿಯ ಹಡಗುಗಳು ಬಳಸುತ್ತಿದ್ದ ಲೋರಾನ್-ಸಿ ಎಂಬ ರೇಡಿಯೊ ವ್ಯವಸ್ಥೆಯನ್ನು ಅಮೆರಿಕದ ಖಾಸಗಿ ಪೈಲಟ್‌ಗಳು 1980ರ ದಶಕದಲ್ಲಿ ಒಲವಿನಿಂದ ಬಳಸಿದರು. ವಿಮಾನ ನಿಲ್ದಾಣದ ಹೆಸರು ಒತ್ತಿದರೆ ದೂರವೂ ದಿಕ್ಕೂ ಅಂಕಿಯಲ್ಲಿ ಬರುವ ಸುಖದ ರುಚಿ ಅವರಿಗೆ ಹತ್ತಿದ್ದು ಆಗಲೇ. ಆ ವ್ಯವಸ್ಥೆಯನ್ನು ಅಮೆರಿಕ 2010ರಲ್ಲಿ ಮುಚ್ಚಿತು.

ಜಿಪಿಎಸ್‌ನ ಮೊದಲ ಉಪಗ್ರಹ ಕಕ್ಷೆಗೆ ಏರಿದ್ದು 1978ರಲ್ಲಿ, ಅಮೆರಿಕದ ಸೇನೆಗಾಗಿ. 1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸ್‌ನ 007ನೇ ವಿಮಾನ ಹಾದಿ ತಪ್ಪಿ ಸೋವಿಯತ್ ಆಕಾಶ ಹೊಕ್ಕು, ಕ್ಷಿಪಣಿಗೆ ಸಿಕ್ಕಿ, 269 ಮಂದಿ ಸತ್ತರು. ಪೂರ್ಣಗೊಂಡ ಮೇಲೆ ಜಿಪಿಎಸ್ ನಾಗರಿಕರಿಗೂ ಉಚಿತವಾಗಿ ಸಿಗಲಿದೆ ಎಂದು ರೇಗನ್ ಆಡಳಿತ ಘೋಷಿಸಿದ್ದು ಅದಾದ ಕೆಲವೇ ದಿನಗಳಲ್ಲಿ. ಇಪ್ಪತ್ತನಾಲ್ಕು ಉಪಗ್ರಹಗಳ ಬಳಗ ಪೂರ್ಣಪ್ರಮಾಣದಲ್ಲಿ ಕೆಲಸಕ್ಕೆ ನಿಂತದ್ದು 1995ರಲ್ಲಿ. ಆಗಲೂ ನಾಗರಿಕರ ಸಂಕೇತವನ್ನು ಬೇಕೆಂದೇ ಕೆಡಿಸಿ, ಸುಮಾರು 100 ಮೀಟರಿನಷ್ಟು ತಪ್ಪು ಉಳಿಯುವಂತೆ ಮಾಡಲಾಗುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆದೇಶದಂತೆ 2000ದ ಮೇ ಮೊದಲ ದಿನಗಳಲ್ಲಿ ಆ ಕೆಡಿಸುವಿಕೆ ನಿಂತಿತು. ಸಾಧಾರಣ ಗ್ರಾಹಕದ ತಪ್ಪು ರಾತ್ರೋರಾತ್ರಿ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಮೋಡವಿಲ್ಲದ ಹಗಲಿನಲ್ಲಿ ಊರಿಂದೂರಿಗೆ ಹಾರುವವನಿಗೆ ಇದಕ್ಕಿಂತ ಹೆಚ್ಚಿನ ನಿಖರತೆ ಬೇಕಿಲ್ಲ. ಹಾಗೆ ನೋಡಿದರೆ ಹಳೆಯ 100 ಮೀಟರೇ ಅವನಿಗೆ ಸಾಕಿತ್ತು.

ಕೈಸಾಧನಗಳು ಅಷ್ಟು ಬೇಗ ಬೆಳೆದದ್ದಕ್ಕೆ ಕಾರಣ ಎಲೆಕ್ಟ್ರಾನಿಕ್ಸ್ ಅಗ್ಗವಾದದ್ದು ಮಾತ್ರವಲ್ಲ. ವಿಮಾನಕ್ಕೆ ಜೋಡಿಸುವ ಯಾವ ಉಪಕರಣಕ್ಕೂ ಪ್ರಮಾಣೀಕರಣದ ಕಟ್ಟಳೆಯಿದೆ: ವಿನ್ಯಾಸದ ಪರಿಶೀಲನೆ, ತಂತ್ರಾಂಶದ ಪ್ರತಿ ಬದಲಾವಣೆಗೂ ದಾಖಲೆ, ಜೋಡಿಸಿದ ತಂತ್ರಜ್ಞನ ಸಹಿ. ಮೋಡದೊಳಗೆ ಉಪಕರಣಗಳನ್ನಷ್ಟೇ ನೆಚ್ಚಿ ಹಾರುವಾಗ ಬಳಸಬಹುದಾದ ಜಿಪಿಎಸ್‌ಗೆ ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಮೊದಲ ಮಾನದಂಡ ಹೊರಡಿಸಿದ್ದು 1992ರಲ್ಲಿ. ಕೈಯಲ್ಲಿ ಹಿಡಿಯುವ ಸಾಧನ ಕಾನೂನಿನ ಕಣ್ಣಿಗೆ ವಿಮಾನದ ಭಾಗವೇ ಅಲ್ಲ, ಪೈಲಟ್‌ನ ಜೇಬಿನ ವಸ್ತು. ಹಾಗಾಗಿ ಅದಕ್ಕೆ ಈ ಯಾವ ತೊಡಕೂ ಇರಲಿಲ್ಲ. 1989ರಲ್ಲಿ ಗ್ಯಾರಿ ಬರ‍್ರೆಲ್ ಮತ್ತು ಮಿನ್ ಕಾವ್ ಅಮೆರಿಕದ ಕ್ಯಾನ್ಸಸ್‌ನಲ್ಲಿ ಕಟ್ಟಿದ ಗಾರ್ಮಿನ್ ಕಂಪನಿ 1990ರ ದಶಕದ ಆದಿಯಲ್ಲೇ ವಿಮಾನ ನಿಲ್ದಾಣಗಳ ಮಾಹಿತಿ ತುಂಬಿದ ಕೈಸಾಧನ ತಂದಿತು. ಟ್ರಿಂಬಲ್, ಮೆಗೆಲನ್, ಲೋರನ್ಸ್, ಬೆಂಡಿಕ್ಸ್-ಕಿಂಗ್ ಇವೆಲ್ಲ ಕಣಕ್ಕಿಳಿದವು. ಬಣ್ಣದ ಪರದೆ, ವಿಮಾನದ ಕೆಳಗೆ ತಾನೇ ಸರಿಯುವ ನಕ್ಷೆ, ಗುಡ್ಡ ಹತ್ತಿರವಾದರೆ ಕೆಂಪಗಾಗುವ ನೆಲ, ಉಪಗ್ರಹ ರೇಡಿಯೊದಿಂದ ಇಳಿಯುವ ಹವಾಮಾನ ಚಿತ್ರ ಹೀಗೆ ಒಂದರ ಹಿಂದೊಂದು ಬಂದವು. ಹವಾಮಾನ ತೋರಿಸುವ ಗಾರ್ಮಿನ್ 396 ಮಾರುಕಟ್ಟೆಗೆ ಬಂದ 2005ರಲ್ಲಿ, ಆ ಬೆಲೆಗೆ ಫಲಕದ ಸಾಧನದಲ್ಲಿ ದೊರೆಯದ ಸೌಲಭ್ಯಗಳನ್ನು ಅದು ಹಳೆಯ ಸೆಸ್ನಾ ವಿಮಾನಗಳೊಳಕ್ಕೆ ಹೊತ್ತು ತಂದಿತ್ತು. ಖಾತರಿಯ ಹೊರೆ ಇಲ್ಲದ್ದರಿಂದಲೇ ಕೈಸಾಧನ ಅಷ್ಟು ಚುರುಕಾಗಿ ಬೆಳೆಯಿತು. ಅದರ ಎಲ್ಲ ಮಿತಿಗಳೂ ಹುಟ್ಟಿದ್ದು ಅದೇ ಜಾಗದಿಂದ.

ಖಾತರಿ ಇಲ್ಲ ಎಂದರೇನು ಎಂಬುದನ್ನು ತುಸು ಬಿಡಿಸಿ ಹೇಳಬೇಕು. ಜಿಪಿಎಸ್ ಗ್ರಾಹಕವು ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳ ಸಂಕೇತ ತಲುಪಲು ಹಿಡಿದ ಸಮಯವನ್ನು ಅಳೆದು ನೆಲೆ ಲೆಕ್ಕ ಹಾಕುತ್ತದೆ. ಮೂರು ಆಯಾಮದ ನೆಲೆಗೂ ಗ್ರಾಹಕದ ಗಡಿಯಾರದ ತಪ್ಪನ್ನು ತಿದ್ದುವುದಕ್ಕೂ ಸೇರಿ ಕನಿಷ್ಠ ನಾಲ್ಕು ಉಪಗ್ರಹ ಬೇಕು. ನಾಲ್ಕರಲ್ಲಿ ಒಂದು ಸುಳ್ಳು ಹೇಳಿದರೂ ಲೆಕ್ಕ ಮಾತ್ರ ಅಚ್ಚುಕಟ್ಟಾಗಿ ಹೊಂದುತ್ತದೆ, ಉತ್ತರ ತಪ್ಪಾಗಿರುತ್ತದೆ. ಇದು ಊಹೆಯ ಮಾತಲ್ಲ. 2004ರ ಜನವರಿ 1ರಂದು ಒಂದು ಜಿಪಿಎಸ್ ಉಪಗ್ರಹದ ಪರಮಾಣು ಗಡಿಯಾರ ಕೆಟ್ಟು, ನೆಲದ ನಿಯಂತ್ರಕರು ಅದನ್ನು ಬಳಕೆಗೆ ಅನರ್ಹ ಎಂದು ಗುರುತು ಮಾಡುವಷ್ಟರಲ್ಲಿ ಸುಮಾರು ಮೂರು ಗಂಟೆ ಕಳೆದಿತ್ತು. ಪ್ರಮಾಣೀಕೃತ ಗ್ರಾಹಕ ಇಂಥದ್ದಕ್ಕಾಗಿಯೇ ಐದನೆಯ ಉಪಗ್ರಹವನ್ನು ಸೇರಿಸಿಕೊಂಡು ಲೆಕ್ಕಗಳನ್ನು ಒಂದಕ್ಕೊಂದು ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ದೀಪ ಹೊತ್ತಿಸಿ ಎಚ್ಚರಿಸುತ್ತದೆ. ಆರನೆಯದೂ ಸಿಕ್ಕರೆ ಸುಳ್ಳು ಹೇಳುವ ಉಪಗ್ರಹ ಯಾವುದೆಂದು ಗುರುತಿಸಿ ಹೊರಗಿಡುತ್ತದೆ. ಈ ಸ್ವಯಂಪರೀಕ್ಷೆಗೆ ರೈಮ್ ಎನ್ನುತ್ತಾರೆ. 2003ರ ಜುಲೈನಲ್ಲಿ ಅಮೆರಿಕ ಆರಂಭಿಸಿದ ವಾಸ್ ವ್ಯವಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನೆಲದ ಕೇಂದ್ರಗಳು ಪ್ರತಿ ಉಪಗ್ರಹವನ್ನೂ ಕಾವಲು ಕಾಯುತ್ತವೆ. ತಪ್ಪು ಕಂಡ ಆರು ಸೆಕೆಂಡುಗಳ ಆಸುಪಾಸಿನಲ್ಲಿ ಭೂಸ್ಥಿರ ಉಪಗ್ರಹದ ಮೂಲಕ ವಿಮಾನಕ್ಕೆ ಎಚ್ಚರಿಕೆ ಮುಟ್ಟುತ್ತದೆ. ತಪ್ಪನ್ನು ತಿದ್ದುವ ಕೆಲಸ ಈ ವ್ಯವಸ್ಥೆಗಳ ಅರ್ಧ ಭಾಗ. ಪೈಲಟ್‌ನ ಜೀವ ಕಾಯುವುದು ಉಳಿದರ್ಧವಾದ ಎಚ್ಚರಿಕೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇಂದಿನ ಬಹುಪಾಲು ಕೈಸಾಧನಗಳೂ ವಾಸ್ ಸಂಕೇತ ಓದುತ್ತವೆ, ಒಳಗಿನ ಚಿಪ್ ಕೂಡ ದುಬಾರಿ ಸಾಧನದ ಚಿಪ್‌ಗೆ ಹೆಚ್ಚೇನೂ ಕಡಿಮೆಯಿಲ್ಲ. ಹಾಗಿದ್ದರೂ ಮೋಡದೊಳಗಿನ ಹಾರಾಟಕ್ಕೆ ಅವಕ್ಕೆ ಅನುಮತಿಯಿಲ್ಲ ಎನ್ನುವುದು ಬರೀ ಕಚೇರಿಯ ಹಟವಲ್ಲವೇ? ಆಕ್ಷೇಪದಲ್ಲಿ ಸತ್ಯಾಂಶವಿದೆ, ಆದರೆ ಚಿಪ್ ಒಂದೇ ಸಾಧನವಲ್ಲ. ಫಲಕದ ಜಿಪಿಎಸ್‌ಗೆ ವಿಮಾನದ ಬೆನ್ನ ಮೇಲೆ, ಆಕಾಶ ಪೂರಾ ಕಾಣುವ ಜಾಗದಲ್ಲಿ ಆಂಟೆನಾ ಇರುತ್ತದೆ. ತೊಡೆಯ ಮೇಲಿನ ಸಾಧನಕ್ಕೆ ಮೇಲೆ ರೆಕ್ಕೆ ಅಡ್ಡ, ಪಕ್ಕದಲ್ಲಿ ಪೈಲಟ್‌ನ ಮೈಯೇ ಅಡ್ಡ. ವಿಮಾನ ವಾಲಿದೊಡನೆ ಕಾಣುವ ಉಪಗ್ರಹಗಳ ಲೆಕ್ಕ ಬದಲಾಗುತ್ತದೆ. ವಿದ್ಯುತ್ ತಂತಿ ಸಡಿಲವಾಗಬಹುದು, ಮಾಹಿತಿಕೋಶ ಹಳತಾಗಿರಬಹುದು, ಎಚ್ಚರಿಕೆಯ ಸಾಲು ಯಾವುದೋ ಒಳಪುಟದಲ್ಲಿ ಅಡಗಿರಬಹುದು. ಎಫ್‌ಎಎ ಪೈಲಟ್‌ಗಳಿಗೆಂದು ಹೊರತರುವ ಮಾಹಿತಿ ಕೈಪಿಡಿ ಕೈಸಾಧನಗಳನ್ನು ಪರಿಸ್ಥಿತಿಯ ಅರಿವಿಗೆ ನೆರವು ಎಂದಷ್ಟೇ ಒಪ್ಪುತ್ತದೆ, ಉಪಕರಣ ಹಾರಾಟದ ದಾರಿದೀಪ ಎಂದು ಒಪ್ಪುವುದಿಲ್ಲ. ಸಾಧನ ಕೆಟ್ಟದೆಂದಲ್ಲ, ಅದರ ಪರವಾಗಿ ಸಹಿ ಹಾಕಿದವರು ಯಾರೂ ಇಲ್ಲವೆಂದು.

ಎತ್ತರದ ವಿಷಯದಲ್ಲಿ ಈ ಅಂತರ ಇನ್ನೂ ಸೂಕ್ಷ್ಮವಾಗುತ್ತದೆ. ಜಿಪಿಎಸ್ ಮೂಲತಃ ಲೆಕ್ಕ ಹಾಕುವುದು ಭೂಮಿಯನ್ನು ಹೋಲುವ ನುಣುಪಾದ ಗಣಿತಾಕೃತಿಯೊಂದರಿಂದ ಎಷ್ಟು ಎತ್ತರ ಎಂಬುದನ್ನು. ನಿಜವಾದ ಸಮುದ್ರಮಟ್ಟ ಗುರುತ್ವದ ಏರಿಳಿತಕ್ಕೆ ತಕ್ಕಂತೆ ಆ ಆಕೃತಿಯ ಮೇಲೂ ಕೆಳಗೂ ಹೊರಳುತ್ತದೆ. ಈ ತಗ್ಗು ಜಗತ್ತಿನಲ್ಲೇ ಅತಿ ಆಳವಾಗಿರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ: ನೂರು ಮೀಟರಿಗೂ ಮಿಕ್ಕಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಈ ತಗ್ಗಿನ ಭೂಗರ್ಭ ಕಾರಣ ಹುಡುಕಿ ಪ್ರಬಂಧ ಪ್ರಕಟಿಸಿದ್ದು ನೆನಪಿರಬಹುದು. ಅದೇ ತಗ್ಗಿನ ಅಂಚು ದಕ್ಷಿಣ ಭಾರತಕ್ಕೂ ಚಾಚಿರುವುದರಿಂದ, ತಿದ್ದುಪಡಿ ಮಾಡದ ಜಿಪಿಎಸ್ ಎತ್ತರ ಬೆಂಗಳೂರಿನಲ್ಲಿ ಸಮುದ್ರಮಟ್ಟದ ಲೆಕ್ಕಕ್ಕಿಂತ 80 ಮೀಟರಿಗೂ ಮಿಕ್ಕಿ ಕಡಿಮೆ ಬರುತ್ತದೆ. ಒಳ್ಳೆಯ ಸಾಧನಗಳು ಒಳಗೇ ಒಂದು ಪಟ್ಟಿ ಇಟ್ಟುಕೊಂಡು ಇದನ್ನು ಸರಿಪಡಿಸಿಕೊಳ್ಳುತ್ತವೆ. ಸರಿಪಡಿಸಿದರೂ ಆಕಾಶದಲ್ಲಿ ಎಲ್ಲ ವಿಮಾನಗಳೂ ಒಂದನ್ನೊಂದು ತಪ್ಪಿಸಿ ಹಾರುವುದು ಗಾಳಿಯ ಒತ್ತಡ ಅಳೆಯುವ ಆಲ್ಟಿಮೀಟರ್ ಪ್ರಕಾರ. ಬಿಸಿಲಿನ ದಿನ, ಚಳಿಯ ದಿನ ಆ ಅಳತೆ ನಿಜವಾದ ಎತ್ತರದಿಂದ ಸರಿದಿರುತ್ತದೆ. ಎಲ್ಲರದೂ ಒಂದೇ ಪ್ರಮಾಣದಲ್ಲಿ ಸರಿದಿರುವುದರಿಂದ ಡಿಕ್ಕಿಯಾಗುವುದಿಲ್ಲ. ಆ ಸಾಲಿನಲ್ಲಿ ಒಬ್ಬ ಮಾತ್ರ ಜಿಪಿಎಸ್ ಎತ್ತರ ನಂಬಿ ಹಾರಿದರೆ ಅವನ ಅಂಕಿ ಹೆಚ್ಚು ಸತ್ಯವಾಗಿದ್ದೂ ಅವನೇ ಅಪಾಯಕಾರಿ. ವೇಗದ ಕಥೆಯೂ ಇಂಥದ್ದೇ. ಪರದೆ ತೋರಿಸುವುದು ನೆಲದ ಮೇಲಿನ ವೇಗ, ರೆಕ್ಕೆಯನ್ನು ಎತ್ತಿಹಿಡಿಯುವುದು ಗಾಳಿಯೊಳಗಿನ ವೇಗ. ಬೆನ್ನ ಗಾಳಿಯಲ್ಲಿ ಇಳಿಯುವವನಿಗೆ ಮೊದಲನೆಯದು ಧಾರಾಳವಾಗಿ ಕಂಡರೂ ಎರಡನೆಯದು ಕುಸಿದಿರಬಹುದು.

ಇಷ್ಟು ಹೇಳಿದ ಮೇಲೆ ಈ ಸಾಧನ ಏನನ್ನು ಕೊಟ್ಟಿತು ಎಂಬುದನ್ನೂ ಸಾಕ್ಷ್ಯ ಸಮೇತ ನೋಡಬೇಕು, ಇಲ್ಲದಿದ್ದರೆ ಅದಕ್ಕೆ ಅನ್ಯಾಯವಾಗುತ್ತದೆ. ರಸ್ತೆಗಳೇ ಇಲ್ಲದ, ಸಣ್ಣ ವಿಮಾನವೇ ಬಸ್ಸೂ ಅಂಚೆಯೂ ಆಗಿರುವ ಪಶ್ಚಿಮ ಅಲಾಸ್ಕಾದಲ್ಲಿ ಎಫ್‌ಎಎ 1999ರಿಂದ ಕ್ಯಾಪ್‌ಸ್ಟೋನ್ ಎಂಬ ಯೋಜನೆ ನಡೆಸಿತು. ಬೆತೆಲ್ ಸುತ್ತಮುತ್ತಲ ವಾಣಿಜ್ಯ ವಿಮಾನಗಳಿಗೆ ಜಿಪಿಎಸ್, ಸರಿಯುವ ನಕ್ಷೆ, ನೆಲದ ಏರಿಳಿತ ತೋರಿಸುವ ಪರದೆ, ಇತರ ವಿಮಾನಗಳ ನೆಲೆ ತಿಳಿಸುವ ರೇಡಿಯೊ ಇವನ್ನು ಸರ್ಕಾರದ ಖರ್ಚಿನಲ್ಲೇ ಜೋಡಿಸಲಾಯಿತು. 2000ದಿಂದ 2004ರ ನಡುವೆ ಆ ವಿಮಾನಗಳ ಅಪಘಾತ ಪ್ರಮಾಣ ಸುಮಾರು 47 ಪ್ರತಿಶತ ಇಳಿಯಿತು ಎಂಬುದು ಎಫ್‌ಎಎ ಲೆಕ್ಕ. ಇವು ಫಲಕದ ಸಾಧನಗಳು, ಕೈಸಾಧನಗಳಲ್ಲ. ಹಾಗಾಗಿ ಈ ಸಾಕ್ಷ್ಯವನ್ನು ಕೈಸಾಧನದ ಖಾತೆಗೆ ಪೂರ್ತಿ ಜಮಾ ಮಾಡುವಂತಿಲ್ಲ. ಆದರೆ ನಾನೀಗ ಎಲ್ಲಿದ್ದೇನೆ, ಆ ಗುಡ್ಡ ನನ್ನ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬ ಪ್ರಶ್ನೆಗೆ ಚಿತ್ರದಲ್ಲಿ ಉತ್ತರ ಸಿಕ್ಕರೆ ಜೀವ ಉಳಿಯುತ್ತದೆ ಎಂಬುದು ಅದರಿಂದ ಸ್ಪಷ್ಟ. ಆ ಚಿತ್ರವನ್ನು ದುಬಾರಿ ಜೋಡಣೆಯಿಲ್ಲದೆ ಒದಗಿಸಿದ್ದು ಕೈಸಾಧನ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಹಿಂದೆ ಜಿಪಿಎಸ್ ಅನ್ನು ಕಾಗದದ ನಕ್ಷೆಗೆ ಪೂರಕವಾಗಿ ಮಾತ್ರ ಬಳಸಿರೆಂದು ಒತ್ತಿ ಹೇಳುತ್ತಿತ್ತು. ಈಗ ನಿಷಿದ್ಧ ವಾಯುಪ್ರದೇಶಕ್ಕೆ ಅರಿವಿಲ್ಲದೆ ನುಗ್ಗುವುದನ್ನು ತಡೆಯಲು ಸರಿಯುವ ನಕ್ಷೆ ಬಳಸಿರೆಂದು ಅದೇ ಪ್ರಾಧಿಕಾರ ಪೈಲಟ್‌ಗಳನ್ನು ಹುರಿದುಂಬಿಸುತ್ತಿದೆ. ಕೈಸಾಧನಕ್ಕೆ ಇನ್ನೊಂದು ಗುಣವಿದೆ, ಫಲಕದ ಸಾಧನಕ್ಕೆ ಇಲ್ಲದ್ದು: ಅದಕ್ಕೆ ಅದರದೇ ಬ್ಯಾಟರಿ. ಆಲ್ಟರ್ನೇಟರ್ ಕೆಟ್ಟು ಫಲಕ ಕತ್ತಲಾದಾಗ, ಹತ್ತಿರದ ನಿಲ್ದಾಣ ತೋರಿಸುವ ಒಂದು ಗುಂಡಿ ಆ ಗಳಿಗೆಯಲ್ಲಿ ಮಾಡುವ ಕೆಲಸಕ್ಕೆ ಬೆಲೆ ಕಟ್ಟುವುದು ಕಷ್ಟ.

ಎರಡನೆಯ ಆಕ್ಷೇಪ ಹಳೆಯ ತಲೆಮಾರಿನ ಬೋಧಕರದು: ಪರದೆ ಪೈಲಟ್‌ನ ಕೌಶಲವನ್ನು ಮೊಂಡು ಮಾಡುತ್ತದೆ, ಕಣ್ಣು ಕಿಟಕಿಯಿಂದ ತೊಡೆಗೆ ಇಳಿಯುತ್ತದೆ. ಇದನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕಲಾಗದು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಜಿನ ಪರದೆಯ ಫಲಕವಿರುವ ಹೊಸ ಸಣ್ಣ ವಿಮಾನಗಳನ್ನೂ ಮುಳ್ಳಿನ ಉಪಕರಣಗಳ ವಿಮಾನಗಳನ್ನೂ ಹೋಲಿಸಿತ್ತು. ಪರದೆಯ ವಿಮಾನಗಳಲ್ಲಿ ಒಟ್ಟು ಅಪಘಾತದ ಪ್ರಮಾಣ ಕಡಿಮೆಯಿತ್ತು, ಸಾವಿನ ಅಪಘಾತದ ಪ್ರಮಾಣ ಮಾತ್ರ ಹೆಚ್ಚಿತ್ತು. ಅಂಥ ವಿಮಾನಗಳು ದೂರದ, ಕಷ್ಟದ ಹಾರಾಟಗಳಿಗೆ ಹೆಚ್ಚು ಹೋಗುತ್ತಿದ್ದವು ಎಂಬುದು ಭಾಗಶಃ ವಿವರಣೆ. ಪರದೆಯ ಧೈರ್ಯದಿಂದಲೇ ಅಲ್ಲಿಗೆ ಹೋದರು ಎಂದೂ ಅದನ್ನು ಓದಬಹುದು. ಹವಾಮಾನ ಚಿತ್ರದ ವಿಷಯದಲ್ಲಿ ಈ ಧೈರ್ಯದ ಬೆಲೆ ಇನ್ನೂ ನಿಚ್ಚಳ. ಪರದೆಯ ಮೇಲೆ ಕಾಣುವ ರೇಡಾರ್ ಚಿತ್ರಕ್ಕೆ ಒಂದು ನಿಮಿಷದ ವಯಸ್ಸೆಂದು ಬರೆದಿದ್ದರೂ, ಅದು ಹಲವು ರೇಡಾರ್‌ಗಳ ಚಿತ್ರಗಳನ್ನು ಕೂಡಿಸಿ ಹೊಲಿದ ಮೇಲಿನ ವಯಸ್ಸು. ಒಳಗಿನ ಮಾಹಿತಿ ಕೆಲವೊಮ್ಮೆ 15-20 ನಿಮಿಷದಷ್ಟು ಹಳತಾಗಿರಬಹುದು ಎಂದು ಅದೇ ಮಂಡಳಿ 2012ರಲ್ಲಿ ಎಚ್ಚರಿಸಿತು. ಗುಡುಗುಮೋಡಗಳ ನಡುವಿನ ಕಿಂಡಿಯನ್ನು ಆ ಚಿತ್ರ ನೋಡಿ ಹುಡುಕಿದವರು ಸತ್ತ ಪ್ರಕರಣಗಳೇ ಆ ಎಚ್ಚರಿಕೆಗೆ ಕಾರಣ. ಗಮನಿಸಬೇಕಾದ್ದು ಇಷ್ಟು: ಚಿತ್ರದ ಜಾಗ ಸರಿಯಿತ್ತು, ಬಣ್ಣವೂ ಸರಿಯಿತ್ತು. ಹಳತಾಗಿದೆ ಎಂಬ ಮಾತನ್ನು ಮಾತ್ರ ಸಾಧನ ಹೇಳಲಿಲ್ಲ. ಬೋಧಕರ ಆಕ್ಷೇಪ ಕೊನೆಗೆ ಬಂದು ನಿಲ್ಲುವುದೂ ಖಾತರಿಯ ಮುಂದೆಯೇ. ಕಾಗದದ ನಕ್ಷೆ ಓದುವವನಿಗೆ ತನ್ನ ಲೆಕ್ಕದ ಮೇಲೆ ಸದಾ ಒಂದಿಷ್ಟು ಅನುಮಾನ. ಅದಕ್ಕೇ ಕಿಟಕಿಯಾಚೆ ನೋಡಿ ತಾಳೆ ಮಾಡುತ್ತಾನೆ. ಪರದೆ ಆ ಅನುಮಾನವನ್ನು ಅಳಿಸಿ ಹಾಕುತ್ತದೆ, ಬದಲಿಗೆ ತನ್ನ ಅನುಮಾನವನ್ನು ತೋರಿಸುವುದಿಲ್ಲ.

2010ರಲ್ಲಿ ಐಪ್ಯಾಡ್ ಬಂದ ಮೇಲೆ ಮೀಸಲು ಕೈಸಾಧನಗಳ ಕಾಲ ಮುಗಿಯಿತೆಂದು ಹಲವರು ಭಾವಿಸಿದರು. ಫೋರ್‌ಫ್ಲೈಟ್, ಯುರೋಪಿನಲ್ಲಿ ಸ್ಕೈಡೆಮನ್ ಮುಂತಾದ ಆ್ಯಪ್‌ಗಳು ನಕ್ಷೆ, ಹವಾಮಾನ, ಹಾರಾಟ ಯೋಜನೆ ಎಲ್ಲವನ್ನೂ ಒಂದೇ ದೊಡ್ಡ ಪರದೆಗೆ ತಂದವು. ಅಮೆರಿಕದಲ್ಲಿ ಇದು ಅಷ್ಟು ಹಬ್ಬಿದ್ದಕ್ಕೆ ಎಫ್‌ಎಎ ತನ್ನ ನಕ್ಷೆಗಳನ್ನು ಡಿಜಿಟಲ್ ರೂಪದಲ್ಲಿ ಮುಕ್ತವಾಗಿ ಹಂಚುವುದು ದೊಡ್ಡ ಕಾರಣ. ಆದರೆ ಮನೆಬಳಕೆಯ ಟ್ಯಾಬ್ಲೆಟ್ ವಿಮಾನಕ್ಕೆಂದು ಹುಟ್ಟಿದ್ದಲ್ಲ. ಐಪ್ಯಾಡ್‌ಗೆ ತಯಾರಕರು ಹೇಳುವ ಬಳಕೆಯ ಉಷ್ಣತೆಯ ಮಿತಿ 35 ಡಿಗ್ರಿ ಸೆಲ್ಸಿಯಸ್. ಬಿಸಿಲಿಗೆ ಒಡ್ಡಿದ ಕಾಕ್‌ಪಿಟ್‌ನಲ್ಲಿ ಅದು ಕಾದು ತಾನೇ ಆರಿಹೋಗುತ್ತದೆ. ಗಾರ್ಮಿನ್ 2016ರಲ್ಲಿ ಏರಾ 660, 2020ರಲ್ಲಿ ಏರಾ 760 ಎಂಬ ಮೀಸಲು ಸಾಧನಗಳನ್ನು ತಂದದ್ದು ನೋಡಿದರೆ ಅವಕ್ಕೆ ಗಿರಾಕಿಗಳು ಇನ್ನೂ ಇದ್ದಾರೆ. ಟ್ಯಾಬ್ಲೆಟ್‌ನಲ್ಲಿ ಖಾತರಿಯ ಸರಪಳಿ ಮತ್ತಷ್ಟು ಉದ್ದವಾಗಿದೆ: ಯಂತ್ರ ಒಬ್ಬರದು, ಕಾರ್ಯಾಚರಣ ತಂತ್ರಾಂಶದ ನವೀಕರಣ ಅವರ ಮರ್ಜಿ, ಆ್ಯಪ್ ಇನ್ನೊಬ್ಬರದು, ಹೊರಗಿನ ಗ್ರಾಹಕ ಮೂರನೆಯವರದು. ಜಗತ್ತಿನ ವೈಮಾನಿಕ ಮಾಹಿತಿ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಈ ಸರಪಳಿಯ ಯಾವ ಕೊಂಡಿ ಹಿಂದುಳಿದಿದೆ ಎಂದು ಹಾರುವ ಮುನ್ನ ನೋಡಿಕೊಳ್ಳುವ ಕೆಲಸ ಪೈಲಟ್‌ನದೇ.

ಕೈಸಾಧನವನ್ನು ಎರಡನೆಯ ಸಾಕ್ಷಿಯಾಗಿ ಇಟ್ಟುಕೊಂಡರೆ ಸಾಕಲ್ಲವೇ ಎಂಬ ಮಧ್ಯದ ದಾರಿಯೂ ಇದೆ, ಬಹುಕಾಲ ಅದೇ ಒಳ್ಳೆಯ ಸಲಹೆಯಾಗಿತ್ತು. ಇತ್ತೀಚಿನ ವರ್ಷಗಳು ಅದನ್ನು ಅಲುಗಿಸಿವೆ. ಜಿಪಿಎಸ್ ಸಂಕೇತ ನೆಲ ಮುಟ್ಟುವಾಗ ಅತಿ ಕ್ಷೀಣ; ಸಣ್ಣದೊಂದು ಜಾಮರ್ ಕೂಡ ಅದನ್ನು ಮುಳುಗಿಸಬಲ್ಲದು. ಅದಕ್ಕಿಂತ ಕೆಟ್ಟದ್ದು ಸುಳ್ಳು ಸಂಕೇತ ಬಿತ್ತರಿಸಿ ಬೇರೆಯೇ ನೆಲೆ ನಂಬಿಸುವ ಸ್ಪೂಫಿಂಗ್. 2023ರ ಶರತ್ಕಾಲದಿಂದ ಪಶ್ಚಿಮ ಏಷ್ಯಾದ ಆಕಾಶದಲ್ಲಿ ದೊಡ್ಡ ವಿಮಾನಗಳೇ ಇದಕ್ಕೆ ಸಿಕ್ಕಿದ್ದರಿಂದ ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಆ ವರ್ಷದ ನವೆಂಬರ್‌ನಲ್ಲಿ ಸಲಹಾಸೂಚಿ ಹೊರಡಿಸಿತು. ಫಲಕದ ಜಿಪಿಎಸ್ ಮತ್ತು ಕೈಯ ಜಿಪಿಎಸ್ ಎರಡೂ ಕೇಳುವುದು ಅದೇ ಉಪಗ್ರಹಗಳನ್ನಾದ್ದರಿಂದ ಇಂಥಲ್ಲಿ ಎರಡೂ ಒಂದೇ ಸುಳ್ಳನ್ನು ಒಮ್ಮತದಿಂದ ಹೇಳಬಹುದು. ಬೇರೆ ಮೂಲದ ಸಾಕ್ಷಿ ಎಂದರೆ ದಿಕ್ಸೂಚಿ, ವಿಒಆರ್, ಕಿಟಕಿಯಾಚೆಯ ನದಿ. ಅಮೆರಿಕ ತನ್ನ ವಿಒಆರ್ ನೆಲೆಗಳನ್ನು ಪೂರ್ತಿ ಮುಚ್ಚದೆ ಕನಿಷ್ಠ ಸಂಖ್ಯೆಯಲ್ಲಿ ಉಳಿಸಿಕೊಂಡಿರುವುದು ಈ ಲೆಕ್ಕಾಚಾರದಿಂದ. ಅಯಸ್ಕಾಂತದ ದಿಕ್ಸೂಚಿಯೂ ಸಣ್ಣ ವಿಮಾನದ ಕಡ್ಡಾಯ ಉಪಕರಣಗಳ ಪಟ್ಟಿಯಲ್ಲಿ ಇಂದಿಗೂ ಉಳಿದಿದೆ.

ಭಾರತದಲ್ಲಿ ಸಣ್ಣ ವಿಮಾನಗಳ ಲೋಕ ಕಿರಿದು, ಆದರೆ ಪ್ರಶ್ನೆ ಕಿರಿದಲ್ಲ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಇದಕ್ಕೆ ತಕ್ಕ ಉದಾಹರಣೆ. ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ ಇರುವ ಈ ಪುಟ್ಟ ಓಡುದಾರಿಯ ಪಕ್ಕದಲ್ಲೇ ಯಲಹಂಕದ ವಾಯುಪಡೆ ನೆಲೆ, ಉತ್ತರಕ್ಕೆ ದೇವನಹಳ್ಳಿಯ ಅಂತರರಾಷ್ಟ್ರೀಯ ನಿಲ್ದಾಣ, ದಕ್ಷಿಣಕ್ಕೆ ಎಚ್‌ಎಎಲ್ ನಿಲ್ದಾಣ. ಕಟ್ಟಡಗಳು ಒತ್ತೊತ್ತಾಗಿ ಎದ್ದು ಹಳೆಯ ಗುರುತುಗಳೆಲ್ಲ ಮರೆಯಾದ ಇಂಥ ಊರಿನ ಮೇಲೆ ವಾಯುಪ್ರದೇಶದ ಗೆರೆಗಳನ್ನು ಕಣ್ಣಂದಾಜಿನಿಂದ ಕಾಯುವುದು ಕಷ್ಟ. ಸರಿಯುವ ನಕ್ಷೆಯ ಉಪಯೋಗ ಕಾಣುವುದು ಇಂಥಲ್ಲೇ. ಸೇನಾ ನೆಲೆಗಳ ವಿವರ ನಕ್ಷೆಗಳಲ್ಲಿ ಬಿಗಿಯಾಗಿ ನಿಯಂತ್ರಿತವಾಗಿರುವ ದೇಶದಲ್ಲಿ ಆ ನಕ್ಷೆಯನ್ನು ತುಂಬುವುದು ಹೇಗೆ ಎಂಬ ತೊಡಕು ಬೇರೆ. ಖಾತರಿಯ ಮೂಲಸೌಕರ್ಯ ಮಾತ್ರ ನಮ್ಮಲ್ಲೇ ಇದೆ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್, ಅಮೆರಿಕದ ವಾಸ್ ಅನುಸರಿಸುವ ಅಂತರರಾಷ್ಟ್ರೀಯ ಮಾನದಂಡದ್ದೇ ವ್ಯವಸ್ಥೆ. ದೇಶದ 15 ಉಲ್ಲೇಖ ಕೇಂದ್ರಗಳು ಜಿಪಿಎಸ್ ಉಪಗ್ರಹಗಳನ್ನು ಕಾಯುತ್ತವೆ, ಮುಖ್ಯ ನಿಯಂತ್ರಣ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ, ಸಂದೇಶ ಜಿಸ್ಯಾಟ್-8, ಜಿಸ್ಯಾಟ್-10, ಜಿಸ್ಯಾಟ್-15ರ ಮೂಲಕ ಇಳಿಯುತ್ತದೆ. 2013ರ ಕೊನೆಯಲ್ಲಿ ಮಾರ್ಗಯಾನಕ್ಕೆ, 2015ರ ಏಪ್ರಿಲ್‌ನಲ್ಲಿ ಲಂಬ ಮಾರ್ಗದರ್ಶನ ಸಹಿತವಾದ ಇಳಿಯುವಿಕೆಗೆ ಅದು ಪ್ರಮಾಣೀಕರಣ ಪಡೆಯಿತು. 2022ರ ಏಪ್ರಿಲ್‌ನಲ್ಲಿ ಇಂಡಿಗೋ ವಿಮಾನವೊಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಅದರ ನೆರವಿನಿಂದ ಇಳಿಯಿತು. ಗಗನ್ ಸಂಕೇತ ಉಚಿತ, ಅದರೊಳಗೇ ಯಾವ ಉಪಗ್ರಹ ನಂಬಬಾರದ್ದೆಂಬ ಎಚ್ಚರಿಕೆಯೂ ಇರುತ್ತದೆ. ಜಕ್ಕೂರಿನಿಂದ ಏರುವ ಮೈಕ್ರೋಲೈಟ್ ಪೈಲಟ್‌ನ ತೊಡೆಯ ಮೇಲಿನ ಸಾಧನದಲ್ಲಿ ಗಗನ್ ಸಂಕೇತ ಓದುವ ಅನುಕೂಲವನ್ನು ತಯಾರಕ ತೆರೆದಿಟ್ಟಿದ್ದರೆ ಆ ಎಚ್ಚರಿಕೆ ಅವನ ಸಾಧನದವರೆಗೂ ಬರುತ್ತದೆ. ಬಂದದ್ದನ್ನು ಪರದೆಯಲ್ಲಿ ಎದ್ದು ಕಾಣುವಂತೆ ತೋರಿಸಲೇಬೇಕೆಂಬ ಕಟ್ಟಳೆ ಕೈಸಾಧನಗಳಿಗಿಲ್ಲ.